ಮನೆಯಲ್ಲಿ ಒಂದು ಮಾತು ಕೇಳಬೇಕು

ಬೆಲ್ ಫಾಲ್ಸ್‌ನಲ್ಲಿ ಯಾರಾದರೂ ಹೊಸ ಕಾರು ಕೊಳ್ಳುವ ಮನಸ್ಸು ಮಾಡಿದರೆ ಮೊದಲ ಫೋನ್ ಹೋಗುತ್ತಿದ್ದದ್ದು ಎಲ್ಡನ್ ಟೆಶ್‌ನ ಮನೆಗೆ. ಬ್ಯಾಂಕಿಗೆ ಆಮೇಲೆ.

ವಿಸ್ಕಾನ್ಸಿನ್ ರಾಜ್ಯದ ಈ ಕಡೆಯ ಜನ ಚೌಕಾಸಿ ಗೊತ್ತಿಲ್ಲದವರು. ಅಂಗಿಯಾಗಲಿ, ಆಲೂಗಡ್ಡೆಯಾಗಲಿ, ಕೊನೆಗೆ ಹೆಣದ ಪೆಟ್ಟಿಗೆಯೇ ಆಗಲಿ, ಚೀಟಿಯ ಮೇಲೆ ಬರೆದಷ್ಟನ್ನು ತುಟಿಪಿಟಕ್ಕೆನ್ನದೆ ಕೊಟ್ಟು, ಕೊಟ್ಟ ಮೇಲೆ ತಾವೇ ಥ್ಯಾಂಕ್ಸ್ ಹೇಳಿ ಬರುತ್ತಾರೆ. ಕಾರಿನ ಷೋರೂಮಿನಲ್ಲಿ ಮಾತ್ರ ಈ ಮರ್ಯಾದೆ ನಡೆಯುವುದಿಲ್ಲ. ಅಲ್ಲಿ ಚೀಟಿಯ ಬೆಲೆ ಕೊಟ್ಟು ಬಂದವನನ್ನು ಊರು ಹತ್ತು ವರ್ಷ ನೆನಪಿಟ್ಟುಕೊಂಡು ನಗುತ್ತದೆ. ಜೀವಮಾನವಿಡೀ ಕುಸ್ತಿ ಆಡದವನನ್ನು ಆರೇಳು ವರ್ಷಕ್ಕೊಮ್ಮೆ ಅಖಾಡಕ್ಕೆ ನೂಕಿದರೆ ಏನಾದೀತೋ ಅದೇ ಆಗುತ್ತದೆ. ಆದ್ದರಿಂದ ಎಲ್ಡನ್ ಬೇಕು.

ಎಲ್ಡನ್ ಮೂವತ್ತಾರು ವರ್ಷ ಕಾಗದದ ಕಾರ್ಖಾನೆಯಲ್ಲಿ ನಾಲ್ಕನೇ ನಂಬರಿನ ಯಂತ್ರದ ಪಕ್ಕ ನಿಂತವನು. ಆ ಗದ್ದಲದಲ್ಲಿ ಮಾತಾಡಿ ಪ್ರಯೋಜನವಿಲ್ಲ ಎಂದು ಬಹಳ ಹಿಂದೆಯೇ ಮಾತು ಬಿಟ್ಟಿದ್ದ. ಎಡಗಿವಿಯೂ ಅಲ್ಲೇ ಹೋಯಿತು. ಆರಡಿ ಆಳು, ದಪ್ಪ ಮೀಸೆ, ಮುಖದಲ್ಲಿ ಯಾವ ಭಾವವೂ ಬೇಗ ಏರದು, ಏರಿದರೆ ಬೇಗ ಇಳಿಯದು. ಇಂಥವನು ಷೋರೂಮಿನಲ್ಲಿ ಬಂದು ಕೂತರೆ ಮಾರುವವರಿಗೆ ಎದೆ ಢವಢವ ಎನ್ನುತ್ತದೆ ಎಂದು ಊರವರ ಮಾತು. ತಿಂಗಳ ಕೊನೆಯ ದಿನವೇ ಹೋಗಬೇಕು, ಅವತ್ತು ಸಂಜೆಯೊಳಗೆ ಅವರು ಇಷ್ಟು ಗಾಡಿ ಮಾರಿದೆವು ಎಂದು ಲೆಕ್ಕ ತೋರಿಸಬೇಕಾಗಿರುತ್ತದೆ. ಹಲ್ಲು ಕಟಕಟ ಎನ್ನುವ ಚಳಿಯಲ್ಲಿ ಹೋಗಬೇಕು, ಅವತ್ತು ಇನ್ಯಾರೂ ಬಂದಿರುವುದಿಲ್ಲ. ಕಾರು ಇಷ್ಟವಾದರೂ ಮುಖದಲ್ಲಿ ತೋರಿಸಬಾರದು. ಇವೆಲ್ಲ ಎಲ್ಡನ್‌ನ ಕಟ್ಟಳೆಗಳು ಎಂದು ಊರಿಗೆಲ್ಲ ಬಾಯಿಪಾಠ. ಗಾಡಿ ಮನೆಗೆ ಬಂದ ವಾರದ ಶುಕ್ರವಾರ, ಕೊಂಡವರ ಲೆಕ್ಕದಲ್ಲಿ, ಅವನಿಗೆ ಕರಿದ ಮೀನಿನ ಊಟ, ಜೊತೆಗೆ ಎರಡು ಲೋಟ ಬ್ರಾಂಡಿ. ಅದೇ ಅವನ ಸಂಭಾವನೆ.

ಕರೆದಾಗಲೆಲ್ಲ ಅವನು ಒಂದು ಮಾತು ಸೇರಿಸುತ್ತಿದ್ದ. "ಆರ್ಲಿಸ್‌ನೂ ಕರ್ಕೊಂಡು ಬರ್ತೀನಿ. ಮನೇಲಿ ಕೂತು ಕೂತು ಅವಳಿಗೂ ಬೇಜಾರು."

ಆರ್ಲಿಸ್ ಅವನ ಹೆಂಡತಿ. ಶಾಲೆಯ ಅಡುಗೆಮನೆಯಲ್ಲಿ ನಾನೂರು ಮಕ್ಕಳಿಗೆ ಬೇಯಿಸಿ ಹಾಕುವವಳಿಗೆ ಕೂತು ಕೂತು ಬೇಜಾರಾಗುವಷ್ಟು ಪುರುಸೊತ್ತು ಎಲ್ಲಿಂದ ಬರಬೇಕು? ಆದರೂ ಬರುತ್ತಿದ್ದಳು. ಕುಳ್ಳಗಿನ ಹೆಂಗಸು, ಕಂದು ಬಣ್ಣದ ಕೈಚೀಲವನ್ನು ತೊಡೆಯ ಮೇಲೆ ನೆಟ್ಟಗೆ ನಿಲ್ಲಿಸಿಕೊಂಡು ಕೂರುತ್ತಿದ್ದಳು. ಕಾಫಿ ಕೊಟ್ಟರೆ ಬೇಡ, ಕೋಟು ತೆಗೆದಿಡಿ ಎಂದರೆ ಬೇಡ. ಮಾರುವವನು ಹಾಳೆಯ ಮೇಲೆ ಒಂದು ಸಂಖ್ಯೆ ಬರೆದು ಈ ಕಡೆ ತಳ್ಳುತ್ತಾನೆ. ಎಲ್ಡನ್ ಅದನ್ನು ನೋಡಿ, ಪರವಾಗಿಲ್ಲ ಎನ್ನುವ ಹಾಗೆ ತಲೆಯಾಡಿಸಿ, ಮನೆಯಲ್ಲಿ ಒಂದು ಮಾತು ಕೇಳಬೇಕು ಎಂದು ಅವಳ ಕಡೆ ತಿರುಗುತ್ತಾನೆ. ಅವಳು ಹಾಳೆಯನ್ನು ನೋಡುವುದೇ ಇಲ್ಲ. ಮಾರುವವನನ್ನು ನೋಡಿ "ಬೇಡ" ಎನ್ನುತ್ತಾಳೆ. ಕೋಪವಿಲ್ಲ, ಕಾರಣವಿಲ್ಲ, ಇನ್ನೊಂದು ಮಾತಿಲ್ಲ. ಮಾತು ಬೆಳ್ಳಿ, ಮೌನ ಬಂಗಾರ ಎನ್ನುತ್ತಾರಲ್ಲ, ಅದರ ನಡುವೆ ಒಂದೇ ಒಂದು ಮಾತು ಆಡಿ ಸುಮ್ಮನಾಗುವುದಕ್ಕೆ ಎಷ್ಟು ಬೆಲೆಯೋ ಅದನ್ನು ಬೆಲ್ ಫಾಲ್ಸ್‌ನ ಮಾರಾಟಗಾರರನ್ನು ಕೇಳಬೇಕು.

ಶುರುವಾದದ್ದು ಮದುವೆಯಾದ ಮರುವರ್ಷ. ಎಲ್ಡನ್‌ಗೆ ಒಂದು ಕೆಂಪು ಪಿಕಪ್ ಗಾಡಿಯ ಮೇಲೆ ಜೀವವೇ ಹೋಗಿತ್ತು. ಆರ್ಲಿಸ್ ಒಳಗೆ ಕೂತು ನೋಡಿ ಬೇಡ ಎಂದಳು. ಸೀಟಿನ ವಾಸನೆ ಅವಳಿಗೆ ಹಿಡಿಸಲಿಲ್ಲ, ಅಷ್ಟೇ. ಮಾರುವವನು ಅದನ್ನು ಚೌಕಾಸಿ ಎಂದುಕೊಂಡು ನಾನೂರು ಡಾಲರ್ ಇಳಿಸಿದ. ಇವಳು ಮತ್ತೆ ಬೇಡ ಎಂದಳು, ನಾನೂರು ಇಳಿಸಿದರೆ ವಾಸನೆ ಹೋಗುತ್ತದೆಯೇ? ಅವನು ಇನ್ನೂ ಮುನ್ನೂರು ಇಳಿಸಿದ. ಕೊನೆಗೆ ಆ ಗಾಡಿಯನ್ನು ಕೊಂಡ ಬೆಲೆ ಕಾರ್ಖಾನೆಯ ಮೂರು ಪಾಳಿಗಳಲ್ಲೂ ಸುದ್ದಿಯಾಯಿತು. "ಎಲ್ಡನ್ ಹೊಡೆದ ನೋಡು" ಎಂದರು. ಎಲ್ಡನ್ ಇಲ್ಲ ಎನ್ನಲಿಲ್ಲ. ಆರ್ಲಿಸ್ ಹನ್ನೊಂದು ವರ್ಷ ಮೂಗು ಮುರಿಯುತ್ತಲೇ ಆ ಸೀಟಿನಲ್ಲಿ ಓಡಾಡಿದಳು.

ಆಮೇಲೆ ಅದು ಕಲೆಯಾಯಿತು, ಅವಳ ಕಲೆ. ಹೆಸರು ಇವನದು. ಎಲ್ಡನ್‌ಗೆ ಇದು ಚೆನ್ನಾಗಿ ಗೊತ್ತಿತ್ತು. ಮೀನಿನ ಊಟದ ಹೊತ್ತಿಗೆ ಯಾರಾದರೂ ಬೆನ್ನು ತಟ್ಟಿದಾಗ ಒಮ್ಮೊಮ್ಮೆ ಮೇಜಿನ ಆ ಬದಿಗೆ ಕೂತ ಅವಳ ಮುಖ ನೋಡುತ್ತಿದ್ದ. ಅವಳು ಎಲೆಕೋಸಿನ ಪಚ್ಚಡಿಯಲ್ಲಿ ಉಪ್ಪು ಕಡಿಮೆ ಎನ್ನುವುದರ ಯೋಚನೆಯಲ್ಲಿ ಇರುತ್ತಿದ್ದಳು. ಹೇಳಿಬಿಡಬೇಕು, ಇದು ನನ್ನದಲ್ಲ ಇವಳದು ಎಂದು ನಾಲ್ಕು ಜನರೆದುರು ಹೇಳಿಬಿಡಬೇಕು ಎಂದು ಎಷ್ಟೋ ಸಲ ಅನಿಸಿತ್ತು. ಮುಂದಿನ ಸಲ ಹೇಳೋಣ ಎಂದು ಮೂವತ್ತೆಂಟು ವರ್ಷ ಬ್ರಾಂಡಿ ಕುಡಿದ.

ಅಕ್ಟೋಬರ್‌ನಲ್ಲಿ ಆರ್ಲಿಸ್ ಹೋದಳು. ಅಂಗಳದಲ್ಲಿ ಬಿದ್ದ ಎಲೆ ಗುಡಿಸಿ ಚೀಲಕ್ಕೆ ತುಂಬುತ್ತಿದ್ದವಳು ಮೆಟ್ಟಿಲ ಮೇಲೆ ಕೂತಳು, ಕೂತವಳು ಏಳಲಿಲ್ಲ. ಚರ್ಚು ತುಂಬಿತ್ತು. ಎಲ್ಡನ್ ಬಾಗಿಲಲ್ಲಿ ನಿಂತು ಬಂದವರೆಲ್ಲರ ಕೈ ಕುಲುಕಿದ, ಎಲ್ಲರಿಗೂ ಥ್ಯಾಂಕ್ಸ್ ಹೇಳಿದ, ಯಾರ ಮುಖವೂ ಅವನಿಗೆ ನೆನಪಿಲ್ಲ. ಅಳು ಬರಲಿಲ್ಲ. ಮೂರು ದಿನ ಬಿಟ್ಟು ಬಂದೀತು ಎಂದುಕೊಂಡ, ಮೂರು ತಿಂಗಳಾದರೂ ಬರಲಿಲ್ಲ. ನೆರೆಹೊರೆಯವರು ಆಲೂಗಡ್ಡೆ, ನೂಡಲ್ಸು, ಚೀಸು ಹಾಕಿ ಬೇಯಿಸಿದ ದೊಡ್ಡ ದೊಡ್ಡ ಬಟ್ಟಲುಗಳನ್ನು ತಂದಿಟ್ಟು ಹೋಗಿದ್ದರು, ಪ್ರತಿಯೊಂದರ ತಳದಲ್ಲೂ ಪಾತ್ರೆ ವಾಪಸು ಬರಲೆಂದು ಹೆಸರು ಬರೆದ ಪಟ್ಟಿ. ದಿನಕ್ಕೊಂದು ಬಟ್ಟಲು ಬಿಸಿಮಾಡಿ ತಿಂದ. ಯಾವುದಕ್ಕೂ ರುಚಿ ಇರಲಿಲ್ಲ. ತಿಂದು ತೊಳೆದು, ಪಟ್ಟಿ ಓದಿ, ಅವರವರ ಮನೆಗೆ ಪಾತ್ರೆ ಮುಟ್ಟಿಸಿ ಬಂದ. ಹೇಗಿದ್ದೀಯ ಎಂದರೆ ಚೆನ್ನಾಗಿದ್ದೀನಿ ಎನ್ನುತ್ತಿದ್ದ. ಅದು ಸುಳ್ಳೂ ಅಲ್ಲ, ನಿಜವೂ ಅಲ್ಲ. ಹಲ್ಲು ಕೀಳುವ ಮೊದಲು ಡಾಕ್ಟರು ಸೂಜಿ ಹಾಕಿದಾಗ ದವಡೆ ಇದೆಯೋ ಇಲ್ಲವೋ ತಿಳಿಯದಲ್ಲ, ಅವನಿಗೆ ಮೈಪೂರ್ತಿ ಹಾಗಾಗಿತ್ತು.

ಆರ್ಲಿಸ್ ಹೋದ ಐದು ವಾರಕ್ಕೆ ಮಗಳು ಕೆಂಡ್ರಾಗೆ ಅವಳಿಜವಳಿ ಹುಟ್ಟಿದವು. ಮೊದಲಿನ ಐದು ವರ್ಷದ ಹುಡುಗಿ ಸೇರಿ ಮೂರಾಯಿತು. ಅವರ ಹಳೆಯ ಸಣ್ಣ ಕಾರಿನ ಹಿಂದಿನ ಸೀಟಿನಲ್ಲಿ ಮಕ್ಕಳನ್ನು ಬೆಲ್ಟು ಬಿಗಿದು ಕೂರಿಸುವ ಕುರ್ಚಿ ಎರಡಕ್ಕಿಂತ ಹೆಚ್ಚು ಹಿಡಿಯುವುದಿಲ್ಲ. ಅಳಿಯ ಡೆರಿಕ್ ಹಾಲಿನ ಟ್ಯಾಂಕರ್ ಓಡಿಸುವವನು, ನಸುಕಿಗೇ ಹೊರಟುಬಿಡುತ್ತಾನೆ. ಅವಳಿಗಳಲ್ಲಿ ಕಿರಿಯವನಿಗೆ ಹದಿನೈದು ದಿನಕ್ಕೊಮ್ಮೆ ನಲವತ್ತು ಮೈಲಿ ದೂರದ ಆಸ್ಪತ್ರೆಗೆ ಹೋಗಬೇಕು. ಹೋಗುವಾಗಲೆಲ್ಲ ಒಂದು ಮಗುವನ್ನು ಯಾರದಾದರೂ ಮನೆಯಲ್ಲಿ ಬಿಟ್ಟು ಹೋಗಬೇಕು, ಅಥವಾ ಇನ್ನೊಬ್ಬರು ಇನ್ನೊಂದು ಕಾರು ತರಬೇಕು. ಮೂರು ಸಾಲು ಸೀಟಿನ ಎಸ್‌ಯುವಿ ಇಲ್ಲದೆ ಆಗುವುದಿಲ್ಲ ಎನ್ನುವುದು ಇಷ್ಟರಲ್ಲೇ ತೀರ್ಮಾನವಾಗಿತ್ತು.

ಬ್ಯಾಂಕಿನವರು ಹಳೆಯ ಕಾರಿನ ಬೆಲೆ ಕಳೆದು, ತೆರಿಗೆ, ನೋಂದಣಿ ಎಲ್ಲ ಸೇರಿಸಿ ನಲವತ್ತಮೂರು ಸಾವಿರ ಡಾಲರ್ ಎಂದು ಗೆರೆ ಎಳೆದಿದ್ದರು. ಅದರ ಮೇಲೆ ಒಂದು ಡಾಲರೂ ಇಲ್ಲ. ಹೆದ್ದಾರಿಯ ಷೋರೂಮಿನಲ್ಲಿ ಅಂಥ ಗಾಡಿ ಒಂದೇ ಒಂದಿತ್ತು, ಅದೇ ಲೆಕ್ಕದಲ್ಲಿ ಅದು ನಲವತ್ತೇಳು ಸಾವಿರದ ಮೇಲೆ ಬೀಳುತ್ತಿತ್ತು. ಬೇರೆ ಕಡೆ ಕೇಳಿದರೆ ಏಪ್ರಿಲ್‌ವರೆಗೆ ಕಾಯಿರಿ ಎಂದರು.

"ಅಪ್ಪ, ನೀನು ಬರ್ತೀಯಾ?" ಎಂದು ಕೆಂಡ್ರಾ ಫೋನಿನಲ್ಲಿ ಕೇಳಿದಳು.

ಎಲ್ಡನ್ ಹೂಂ ಎಂದ. ಫೋನಿಟ್ಟ ಮೇಲೆ ಅಡುಗೆಮನೆಯ ಕುರ್ಚಿಯಲ್ಲಿ ಕೂತ. ಮೂರು ತಿಂಗಳಲ್ಲಿ ಮೊದಲ ಸಲ ಅವನಿಗೆ ಏನೋ ಒಂದು ಅನಿಸಿತು, ಅದು ಹೆದರಿಕೆ. ಒಬ್ಬನೇ ಹೋಗಿ ನಾಲ್ಕು ಸಾವಿರ ಇಳಿಸಬೇಕು. ಇಳಿಯದಿದ್ದರೆ ಮಗಳಿಗೆ ಗಾಡಿ ಇಲ್ಲ. ಅದರ ಜೊತೆಗೆ, ಅವನು ಯಾವತ್ತೂ ಯಾರಿಗೂ ಒಂದು ಡಾಲರನ್ನೂ ಇಳಿಸಿಕೊಟ್ಟವನಲ್ಲ ಎನ್ನುವುದು ಮಗಳ ಕಣ್ಣೆದುರೇ ಬಯಲಾಗುತ್ತದೆ. ಹೆದರಿಕೆ ಸ್ವಲ್ಪ ಹೊತ್ತು ಇದ್ದು ಅದೂ ಮರಗಟ್ಟಿತು. ಅವತ್ತಿನ ಬಟ್ಟಲು ಬಿಸಿ ಮಾಡಿಕೊಂಡು ತಿಂದ.

ಜನವರಿಯ ಕೊನೆಯ ದಿನ ಬೆಳಿಗ್ಗೆ ಇಬ್ಬರೂ ಹೋದರು, ಮಕ್ಕಳು ಡೆರಿಕ್‌ನ ಅಮ್ಮನ ಹತ್ತಿರ. ಸೊನ್ನೆಗಿಂತ ಇಪ್ಪತ್ತು ಡಿಗ್ರಿ ಕೆಳಗಿನ ಚಳಿ, ಷೋರೂಮಿನಲ್ಲಿ ಇವರನ್ನು ಬಿಟ್ಟರೆ ಗಿರಾಕಿ ಇಲ್ಲ. ದಿನವೇನೋ ಕಟ್ಟಳೆಯ ಪ್ರಕಾರವೇ ಸಿಕ್ಕಿತ್ತು. ರಸ್ ಪೆಲ್ಕಿ ಎದುರಿಗೆ ಬಂದ. ಇಪ್ಪತ್ತೊಂಬತ್ತು ವರ್ಷದಿಂದ ಅದೇ ನೆಲದ ಮೇಲೆ ಕಾರು ಮಾರುತ್ತಿರುವವನು, ಬೋಳುತಲೆ, ಇಸ್ತ್ರಿ ಮಾಡಿದ ಅಂಗಿ. ಎಲ್ಡನ್‌ನ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಸ್ವಲ್ಪ ಹೆಚ್ಚು ಹೊತ್ತೇ ಬಿಡಲಿಲ್ಲ. ಮಾತಾಡಿದ್ದು ಮಾತ್ರ ಚಳಿಯ ವಿಷಯ.

ಕೆಂಡ್ರಾ ಮೊದಲ ಐದು ನಿಮಿಷದಲ್ಲೇ ಎಲ್ಲ ಕೆಡಿಸಿದಳು. ಬೂದು ಬಣ್ಣದ ಆ ಗಾಡಿಯ ಬಾಗಿಲು ತೆರೆದು ಮೂರನೇ ಸಾಲಿಗೆ ಹತ್ತಿ ಕೂತಳು. ಒಂದೊಂದೇ ಸೀಟಿನ ಮೇಲೆ ಕೈಯಿಟ್ಟು, ಇಲ್ಲಿ ಇವನು, ಇಲ್ಲಿ ಇವಳು ಎಂದು ತನ್ನಷ್ಟಕ್ಕೇ ಎಣಿಸಿದಳು. ಇಳಿದಾಗ ಅವಳ ಕಣ್ಣು ಒದ್ದೆಯಾಗಿತ್ತು. ಎರಡು ತಿಂಗಳಿಂದ ನಿದ್ದೆ ಇಲ್ಲದವಳು, ಮುಖ ಬಿಗಿಹಿಡಿದು ಕೂರು ಎಂದರೆ ಎಲ್ಲಿ ಸಾಧ್ಯ? ರಸ್ ನೋಡಿದ. ನೋಡುವುದೇ ಅವನ ಕಸುಬು.

ಮೇಜಿಗೆ ಬಂದು ಕೂತರು. ರಸ್ ಮೂರು ಕುರ್ಚಿ ಹಾಕಿಸಿದ್ದ. ಮೂರನೆಯದನ್ನು ಒಮ್ಮೆ ನೋಡಿ ತಾನೇ ಎತ್ತಿ ಗೋಡೆಯ ಹತ್ತಿರ ಇಟ್ಟ. ಹಾಳೆ ತೆಗೆದು ನಲವತ್ತಾರು ಸಾವಿರದ ಇನ್ನೂರು ಎಂದು ಬರೆದು ತಿರುಗಿಸಿದ. ಎಲ್ಡನ್ ನೋಡಿದ, ಏನೂ ಹೇಳಲಿಲ್ಲ. ಹೇಳಲು ಅವನ ಹತ್ತಿರ ಏನೂ ಇರಲಿಲ್ಲ. ರಸ್ ಅದನ್ನು ಗಟ್ಟಿತನ ಎಂದುಕೊಂಡನೋ ಏನೋ, ಮ್ಯಾನೇಜರನ್ನು ಕೇಳಿ ಬರುತ್ತೇನೆ ಎಂದು ಎದ್ದು ಹೋದ. ಹಿಂದುಗಡೆ ಗಾಜಿನ ಕೋಣೆ, ಅದರ ಪಕ್ಕದಲ್ಲಿ ಕಾಫಿಯ ಯಂತ್ರ. ಏಳೆಂಟು ನಿಮಿಷ ಬಿಟ್ಟು ಬಂದು ನಲವತ್ತೈದು ಸಾವಿರದ ನೂರು ಎಂದು ಬರೆದ. ಕಾಲೊರೆಸುವ ರಬ್ಬರಿನ ಹಾಸು ಬಿಟ್ಟಿ ಕೊಡುತ್ತೇನೆ ಎಂದು ಮೂಗಿಗೆ ತುಪ್ಪವನ್ನೂ ಸವರಿದ. ಇನ್ನೊಮ್ಮೆ ಹೋದ, ಇನ್ನೊಮ್ಮೆ ಬಂದ.

ನಲವತ್ತನಾಲ್ಕು ಸಾವಿರದ ನಾನೂರು.

"ಇದಕ್ಕಿಂತ ಕೆಳಗೆ ನಮಗೆ ಗಿಟ್ಟಲ್ಲ, ಎಲ್ಡನ್" ಎಂದು ರಸ್ ಪೆನ್ನು ಹಾಳೆಯ ಮೇಲೆ ಅಡ್ಡ ಇಟ್ಟ. "ತೊಗೊಂಡ್ರೆ ತೊಗೊಳ್ಳಿ, ಇಲ್ದಿದ್ರೆ ನಂಗೇನೂ ಬೇಜಾರಿಲ್ಲ."

ಮೇಜಿನ ಕೆಳಗೆ ಕೆಂಡ್ರಾ ತನ್ನ ಕೈಗವಸನ್ನು ಹಿಂಡುತ್ತಿದ್ದಳು. ಇನ್ನೂ ಸಾವಿರದ ನಾನೂರು. ಈಗ ಒಂದು "ಬೇಡ" ಬೀಳಬೇಕು, ಬೀಳಬೇಕಾದ ಹೊತ್ತು ಇದೇ ಎಂದು ಎಲ್ಡನ್‌ಗೆ ಗೊತ್ತು. ಈ ಮೇಜುಗಳ ಎದುರು ಅವನು ನಲವತ್ತು ಸಲವಾದರೂ ಕೂತಿದ್ದಾನೆ, ಇಂಥ ಗಳಿಗೆ ಬಂದಾಗ ಅದರ ಗುರುತು ಅವನಿಗೆ ಸಿಗುತ್ತದೆ. ಎರಡಕ್ಷರ. ಬಾಯಿ ತೆರೆದ. ಆ ಮಾತು ಅವನ ನಾಲಗೆಯ ಮೇಲೆ ಯಾವತ್ತೂ ಓಡಾಡಿದ್ದಲ್ಲ, ದಾರಿ ಗೊತ್ತಿರಲಿಲ್ಲ, ಬರಲಿಲ್ಲ. ಬಂದದ್ದು ಬೇರೆ ಮಾತು, ಯಾವಾಗಲೂ ಅವನು ಆಡುತ್ತಿದ್ದ ಮಾತು.

"ಮನೇಲಿ ಒಂದು ಮಾತು ಕೇಳ್ಬೇಕು."

ಕೆಂಡ್ರಾಳ ಕೈ ನಿಂತಿತು. ಅಪ್ಪನ ಕಡೆ ತಿರುಗಿದಳು, ಆಮೇಲೆ ಕೈಗವಸಿನ ಬೆರಳುಗಳನ್ನು ಒಂದೊಂದಾಗಿ ನೇರ ಮಾಡತೊಡಗಿದಳು. ಎಲ್ಡನ್‌ಗೆ ತಾನು ಏನು ಹೇಳಿದೆ ಎಂದು ಆಗ ತಿಳಿಯಿತು. ನಾಚಿಕೆಯಾಗಬೇಕಿತ್ತು. ಆಗಲಿಲ್ಲ, ಅದೂ ಎಲ್ಲೋ ದೂರದಲ್ಲಿ ಇನ್ನಾರಿಗೋ ಆಗುತ್ತಿದ್ದಂತೆ ಇತ್ತು. ವಾಪಸು ತೆಗೆದುಕೊಳ್ಳಬೇಕು, ತಪ್ಪಾಯಿತು ಎನ್ನಬೇಕು, ಅದಕ್ಕೂ ಬಾಯಿ ಬರಲಿಲ್ಲ.

ರಸ್ ಗೋಡೆಯ ಹತ್ತಿರದ ಕುರ್ಚಿಯ ಕಡೆ ಒಮ್ಮೆ ನೋಡಿದ.

"ಕೇಳ್ಕೊಂಡು ಬನ್ನಿ" ಎಂದ. "ನಿಧಾನಕ್ಕೇ ಕೇಳಿ. ನಾನೆಲ್ಲೂ ಹೋಗಲ್ಲ."

ಎಲ್ಡನ್ ಎದ್ದ. ಬೇರೆ ಏನು ಮಾಡಬೇಕೆಂದು ತೋಚದೆ ಟೋಪಿ ಹಾಕಿಕೊಂಡು ಬಾಗಿಲು ತಳ್ಳಿ ಹೊರಗೆ ಹೋದ. ಮೊದಲ ಉಸಿರಿಗೇ ಮೂಗಿನೊಳಗಿನ ಕೂದಲು ಹೆಪ್ಪುಗಟ್ಟಿತು. ಸಾಲುಸಾಲು ಕಾರುಗಳ ಮೇಲೆ ಹಿಂದಿನ ವಾರದ ಹಿಮ ಗಟ್ಟಿಯಾಗಿ ಕೂತಿತ್ತು. ಅವುಗಳ ನಡುವೆ ಹೋಗಿ, ಷೋರೂಮಿನ ಗಾಜಿಗೆ ಬೆನ್ನು ಹಾಕಿ ನಿಂತ. ಜೇಬಿನಿಂದ ಫೋನು ತೆಗೆದು ಬಲಗಿವಿಗೆ ಹಿಡಿದ. ನಂಬರು ಒತ್ತಲಿಲ್ಲ. ಮನೆಯ ಫೋನು ಹೊಡೆದುಕೊಂಡರೆ ಎತ್ತುವವರು ಯಾರು? ಹೆದ್ದಾರಿಯಲ್ಲಿ ಲಾರಿಗಳು ಹೋಗುತ್ತಿದ್ದವು. ಹತ್ತು ನಿಮಿಷ ಹಾಗೆಯೇ ನಿಂತ. ಕಾಲ್ಬೆರಳುಗಳ ಅರಿವು ಹೋಯಿತು, ಕಿವಿಯ ಅರಿವು ಹೋಯಿತು, ಮೈಯೂ ಒಳಗೂ ಒಂದೇ ಆಯಿತು. ಆಮೇಲೆ ಫೋನನ್ನು ಜೇಬಿಗೆ ಹಾಕಿಕೊಂಡು ಒಳಗೆ ಬಂದ.

ಕುರ್ಚಿಯಲ್ಲಿ ಕೂತು, ಹಾಳೆಯನ್ನು ನೋಡದೆ, ರಸ್‌ನ ಮುಖ ನೋಡಿ ಹೇಳಿದ.

"ಬೇಡ ಅಂತಾಳೆ."

ರಸ್ ಪೆನ್ನು ಎತ್ತಿಕೊಂಡ, ಮತ್ತೆ ಇಟ್ಟ. ಎದ್ದು ಒಳಗೆ ಹೋದ. ಹಿಂದಿನ ಎರಡು ಸಲ ಅವನು ಕಾಫಿಯ ಯಂತ್ರದ ಹತ್ತಿರ ಗೋಡೆಗೊರಗಿ ನಿಂತದ್ದನ್ನು ಎಲ್ಡನ್ ನೋಡಿದ್ದ. ಈ ಸಲ ಗಾಜಿನ ಕೋಣೆಯ ಬಾಗಿಲು ತೆಗೆದು ಒಳಗೇ ಹೋದ. ಅಲ್ಲಿ ಕೂತಿದ್ದ ಚಿಕ್ಕ ವಯಸ್ಸಿನ ಮ್ಯಾನೇಜರು ತಲೆ ಅಡ್ಡ ಆಡಿಸಿದ. ರಸ್ ಮೇಜಿನ ಮೇಲೆ ಎರಡೂ ಕೈಯೂರಿ ಬಗ್ಗಿ ಏನೋ ಹೇಳಿದ. ಮ್ಯಾನೇಜರು ಮತ್ತೆ ತಲೆ ಅಡ್ಡ ಆಡಿಸಿದ. ರಸ್ ತನ್ನ ಎದೆಯ ಕಡೆ ಬೆರಳು ತೋರಿಸಿಕೊಂಡ, ನನ್ನ ಕಮಿಷನ್ನಿನಲ್ಲಿ ಮುರಿದುಕೋ ಎನ್ನುವ ಹಾಗೆ. ಗಾಜಿನಿಂದ ಮಾತು ಕೇಳಿಸುವುದಿಲ್ಲ. ಕಾರ್ಖಾನೆಯಲ್ಲಿ ಮೂವತ್ತಾರು ವರ್ಷ ಮಾತು ಕೇಳಿಸದೆಯೇ ಕೆಲಸ ಮಾಡಿದ ಎಲ್ಡನ್‌ಗೆ ಕೇಳಿಸಬೇಕಾಗಿಯೂ ಇರಲಿಲ್ಲ.

ಬಂದು ಹಾಳೆಯ ಮೇಲೆ ನಲವತ್ತಮೂರು ಸಾವಿರ ಎಂದು ಬರೆದ. ತೆರಿಗೆ, ನೋಂದಣಿ ಎಲ್ಲ ಸೇರಿ.

ಕೆಂಡ್ರಾ ಕೈಯಿಂದ ಬಾಯಿ ಮುಚ್ಚಿಕೊಂಡಳು. ಎಲ್ಡನ್ ತಲೆಯಾಡಿಸಿದ. ಇನ್ನೊಂದು ಕೋಣೆಯಲ್ಲಿ ಕಾಗದ ಪತ್ರಗಳಿಗೆ ಸಹಿ ಹಾಕುವುದರಲ್ಲಿ ಒಂದು ಗಂಟೆ ಹೋಯಿತು. ಕೆಂಡ್ರಾ ಹಳೆಯ ಕಾರಿನ ಸೀಟಿನಿಂದ, ಡಿಕ್ಕಿಯಿಂದ ಮಕ್ಕಳ ಕುರ್ಚಿಗಳನ್ನು ತೆಗೆದುಕೊಳ್ಳಲು ಹೋದಾಗ ರಸ್ ಬೀಗದ ಕೈ ಹಿಡಿದುಕೊಂಡು ಎಲ್ಡನ್‌ನ ಪಕ್ಕ ಬಂದು ನಿಂತ.

"ಇದು ಆರ್ಲಿಸ್ ರೇಟು" ಎಂದ. "ನಿಮ್ಮ ರೇಟಲ್ಲ. ನೀವು ನಲವತ್ತಾರಕ್ಕೇ ತಲೆ ಆಡಿಸ್ತಿದ್ರಿ."

ಎಲ್ಡನ್ ಅವನ ಕಡೆ ತಿರುಗಿದ.

"ಚರ್ಚಿಗೆ ಬಂದಿದ್ದೆ ನಾನು, ಕೊನೇ ಬೆಂಚಲ್ಲಿದ್ದೆ. ಬಾಗಿಲಲ್ಲಿ ಕೈ ಕುಲುಕಿದ್ರಿ, ಥ್ಯಾಂಕ್ಸ್ ಅಂದ್ರಿ. ನಿಮಗೆ ಗುರುತು ಸಿಗ್ಲಿಲ್ಲ, ಬಿಡಿ."

"ಮತ್ಯಾಕೆ ಕೇಳ್ಕೊಂಡು ಬನ್ನಿ ಅಂದೆ?"

ರಸ್ ಬೀಗದ ಕೈಯನ್ನು ಅಂಗೈಯಲ್ಲಿ ತಿರುಗಿಸಿದ. "ಇಪ್ಪತ್ತೊಂಬತ್ತು ವರ್ಷದಿಂದ ನಾನೂ ಒಳಗೆ ಕೇಳ್ಕೊಂಡು ಬರ್ತೀನಿ ಅಂತ ಹೋಗ್ತಾ ಬರ್ತಾ ಇದ್ದೀನಿ, ಎಲ್ಡನ್. ಅರ್ಧಕ್ಕರ್ಧ ಸಲ ಒಳಗೆ ಯಾರೂ ಇರಲ್ಲ."

ಎಲ್ಡನ್ ಬೀಗದ ಕೈ ತೆಗೆದುಕೊಂಡ. ಥ್ಯಾಂಕ್ಸ್ ಎಂದ. ಚರ್ಚಿನ ಬಾಗಿಲಲ್ಲಿ ಹೇಳಿದ್ದೂ ಅದನ್ನೇ. ಈ ಸಲ ಯಾರಿಗೆ ಹೇಳುತ್ತಿದ್ದೇನೆ ಎಂದು ಗೊತ್ತಿತ್ತು.

ಹೊಸ ಗಾಡಿಯನ್ನು ಕೆಂಡ್ರಾ ಓಡಿಸಿದಳು, ಮೊಟ್ಟೆ ತುಂಬಿದ ಬುಟ್ಟಿ ಹಿಡಿದವಳ ಹಾಗೆ ಮೆಲ್ಲಗೆ. ಹಿಂದೆ ಮೂರು ಮಕ್ಕಳ ಕುರ್ಚಿಗಳು, ಇನ್ನೂ ಎರಡು ಸೀಟು ಖಾಲಿ. ಎಲ್ಡನ್ ಪಕ್ಕದಲ್ಲಿ ಕೂತಿದ್ದ. ಕಾಲಿಗೆ ಬಿಸಿಗಾಳಿ ಬಡಿದು ಬೆರಳುಗಳಲ್ಲಿ ಚುಚ್ಚುವಿಕೆ ಶುರುವಾಗಿತ್ತು. ಕಾರ್ಖಾನೆಯ ಹೊಗೆ ನೇರವಾಗಿ ಮೇಲಕ್ಕೆ ಹೋಗುತ್ತಿತ್ತು, ಗಾಳಿಯಿಲ್ಲದ ಚಳಿ. ಸೇತುವೆ ದಾಟಿದರು.

"ನಿಂಗೊಂದು ಹೇಳ್ಬೇಕಮ್ಮ" ಎಂದು ಎಲ್ಡನ್ ಶುರು ಮಾಡಿದ. "ನಾನು ಯಾವತ್ತೂ ಚೌಕಾಸಿ ಮಾಡ್ದೋನಲ್ಲ. ಯಾರ ಕಾರಿಗೂ. ಎಲ್ಲ ನಿಮ್ಮಮ್ಮಂದೇ. ನಾನು ಸುಮ್ನೆ ಜೊತೇಲಿ ಕೂತಿರ್ತಿದ್ದೆ."

"ಗೊತ್ತು."

"ಏನು ಗೊತ್ತು?"

"ಎಲ್ಲಾರ್ಗೂ ಗೊತ್ತಿತ್ತು ಅಪ್ಪ." ಅವಳು ರಸ್ತೆಯಿಂದ ಕಣ್ಣು ತೆಗೆಯಲಿಲ್ಲ. "ನಿನ್ನ ಕರೆದ್ರೆ ಅಮ್ಮ ಬರ್ತಾಳೆ ಅಂತಲೇ ನಿನ್ನ ಕರೀತಿದ್ದದ್ದು. ನಿನ್ನ ಬಿಟ್ಟು ಹೆಂಡ್ತೀನ ಕಳ್ಸಿ ಅಂತ ನಿಂಗೆ ಹೇಗೆ ಹೇಳೋದು? ನಿಂಗೆ ಬೇಜಾರಾಗಲ್ವಾ? ಒಬ್ಬಿಬ್ರು ಅಮ್ಮನಿಗೇ ಫೋನ್ ಮಾಡಿದ್ರು. ಎಲ್ಡನ್‌ನ ಕೇಳಿ, ಅವ್ನು ಹೂಂ ಅಂದ್ರೆ ನಾನೂ ಬರ್ತೀನಿ ಅಂದ್ಲಂತೆ."

ಇಡೀ ಊರು, ಮೂವತ್ತೆಂಟು ವರ್ಷ, ಒಬ್ಬನ ಮನಸ್ಸು ನೋಯಬಾರದೆಂದು ಮೀನು ಕರಿದು ಬ್ರಾಂಡಿ ಸುರಿದಿತ್ತು. ಬೆಲ್ ಫಾಲ್ಸ್‌ನವರನ್ನು ಬಿಟ್ಟು ಬೇರೆ ಯಾರಾದರೂ ಇಂಥ ಕೆಲಸ ಮಾಡುತ್ತಾರೆಯೇ? ಎಲ್ಡನ್ ಕಿಟಕಿಯ ಕಡೆ ತಿರುಗಿ ಆ ಊಟಗಳನ್ನೆಲ್ಲ ನೆನೆಸಿಕೊಂಡ. ಮೇಜಿನ ಆ ಬದಿಗೆ ಕೂತವಳಿಗೂ ಗೊತ್ತಿತ್ತು. ಅವನು ಹೇಳುವ ಅಗತ್ಯವೇ ಇರಲಿಲ್ಲ, ಆದರೂ ಹೇಳಬಹುದಿತ್ತು. ಹೇಳಿದ್ದರೆ ಅವಳು ಏನೂ ಅನ್ನುತ್ತಿರಲಿಲ್ಲ, ಪಚ್ಚಡಿಯ ಬಟ್ಟಲನ್ನು ಅವನ ಕಡೆ ಸರಿಸುತ್ತಿದ್ದಳೇನೋ.

ಸ್ವಲ್ಪ ದೂರ ಹೋದ ಮೇಲೆ ಕೆಂಡ್ರಾ ಕೇಳಿದಳು. "ಹೊರಗೆ ಅಷ್ಟೊತ್ತು ಏನ್ ಮಾಡ್ತಿದ್ದೆ?"

"ಕೇಳ್ದೆ."

"ಏನು?"

"ನಲವತ್ನಾಲ್ಕು ಸಾವಿರದ ನಾನೂರಂತೆ, ಏನಂತೀಯ ಅಂತ. ಎರಡು ಸಲ ಕೇಳ್ದೆ."

ಎಲ್ಡನ್ ಟೋಪಿ ತೆಗೆದು ಮಂಡಿಯ ಮೇಲೆ ಇಟ್ಟುಕೊಂಡ.

"ಬೇಡ ಅನ್ಲಿಲ್ಲ ಕಣಮ್ಮ. ಏನೂ ಅನ್ಲಿಲ್ಲ. ಆಗ್ಲೇ ನಂಗೆ ಗೊತ್ತಾಗಿದ್ದು, ಅವ್ಳು ಹೋಗ್ಬಿಟ್ಟಿದ್ದಾಳೆ ಅಂತ. ಅದಕ್ಕೇ ಒಳಗೆ ಬಂದು ನಾನೇ ಅಂದೆ."

ಕೆಂಡ್ರಾ ಗಾಡಿಯನ್ನು ರಸ್ತೆಯ ಪಕ್ಕಕ್ಕೆ ತೆಗೆದು ನಿಲ್ಲಿಸಿದಳು. ಎಂಜಿನ್ ಆರಿಸಲಿಲ್ಲ, ಚಳಿ ಇತ್ತು. ಇಬ್ಬರೂ ಬಹಳ ಹೊತ್ತು ಅಲ್ಲೇ ಕೂತಿದ್ದರು.